ಆಮೆ ಕಂಡ ದೋಣಿ

ಕ್ಯಾಮೆರಾಗಳನ್ನು ಕೇಳಿದರೆ ತಮಗೆ ಕಂಡದ್ದನ್ನು ತೋರಿಸುತ್ತವೆ ಎಂಬುದು ಗಂಗೊಳ್ಳಿಯಲ್ಲಿ ಯಾರಿಗೂ ಹೊಸದಲ್ಲ. ಬಸ್ಸು ಎಲ್ಲಿದೆ, ಬಂದರಿಗೆ ಬಂಗುಡೆ ಮೀನು ಬಂತೇ ಎಂದು ಜನ ಫೋನಿನಲ್ಲೇ ಅವುಗಳನ್ನು ವಿಚಾರಿಸುತ್ತಿದ್ದರು. ಆ ಬೆಳಿಗ್ಗೆ ಪದ್ದು ಕೇಳಿದ್ದು ಮಾತ್ರ ಬೇರೆ.

"ನಮ್ಮ ದೋಣಿ ಯಾರಿಗಾದ್ರೂ ಕಂಡಿತಾ?"

ಬಿರುಗಾಳಿ ಬೀಸಿದ ಮೇಲೆ, ಮೀನಿಗೆ ಹೋಗಿದ್ದ ಅವಳ ಗಂಡ ಶೀನನ ಸುದ್ದಿಯೇ ಇರಲಿಲ್ಲ. ದೋಣಿಯ ಕ್ಯಾಮೆರಾ ಕೆಟ್ಟು ಕುಳಿತಿತ್ತು. ಪದ್ದುವಿನ ಪ್ರಶ್ನೆ ದೀಪಸ್ತಂಭದ ಕ್ಯಾಮೆರಾಕ್ಕೆ ಹೋಯಿತು, ಅಲ್ಲಿಂದ ಬೇರೆ ದೋಣಿಗಳಿಗೆ, ಊರು ಹೆಸರು ತಿಳಿಯದ ಹಡಗುಗಳಿಗೆ. ಎಲ್ಲವೂ ಬರಿಯ ನೀರನ್ನೇ ತೋರಿಸಿದವು. ಶೀನನ ತಾಯಿ ಗಂಜಿ ಮುಟ್ಟದೆ ಸೊಸೆಯ ಪಕ್ಕದಲ್ಲಿ ಕುಳಿತೇ ಇದ್ದರು.

ಮಧ್ಯಾಹ್ನದ ಹೊತ್ತಿಗೆ ಪರದೆ ನೀಲಿಯಾಗಿ ಬೆಳಗಿತು. ವಿಜ್ಞಾನಿಗಳು ಕಡಲಾಮೆಯೊಂದರ ಚಿಪ್ಪಿಗೆ ಅಂಟಿಸಿದ್ದ ಕ್ಯಾಮೆರಾ ಅದು. ಉಸಿರಾಡಲು ಆಮೆ ಮೇಲೇರುತ್ತಿತ್ತು. ನೆತ್ತಿಯ ಮೇಲೆ ಬೆಳಕು ನಡುಗುತ್ತಿತ್ತು, ಅದರ ನಡುವೆ ಕಪ್ಪಗೆ ಏನೋ ತೇಲುತ್ತಿತ್ತು.

"ಅದೆಂತ ಮಾರಾಯ್ತಿ?"

"ನಮ್ಮ ದೋಣಿಯ ಅಡಿಭಾಗ, ಅತ್ತೆ. ಆ ತೇಪೆಗೆ ಹಳದಿ ಬಣ್ಣ ಬಳಿದದ್ದು ನಾನೇ." ಪದ್ದುವಿನ ದನಿ ತೀರ ಸಣ್ಣದಾಗಿತ್ತು. ಅಷ್ಟು ದೊಡ್ಡ ಕಡಲನ್ನು ಅವಳು ಒಳಗಿನಿಂದ ಎಂದೂ ಕಂಡಿರಲಿಲ್ಲ.

ಪರದೆಯ ಮೂಲೆಯಲ್ಲಿ ತೋರುತ್ತಿದ್ದ ಆ ಜಾಗವನ್ನು ಅವಳು ಕರಾವಳಿ ಕಾವಲು ಪಡೆಗೆ ತಿಳಿಸಿದಳು. ಹೊರಟೆವು ಎಂದು ಅವರು ಉತ್ತರಿಸಿದರು.

ಆಮೆ ದೋಣಿಯ ಮಗ್ಗುಲಲ್ಲಿ ತಲೆ ಎತ್ತಿತು. ಮೇಲಿನಿಂದ ಒಂದು ಕೈ ಇಳಿದು ಅದರ ಬೆನ್ನು ಸವರಿತು. ಬಲೆಯ ಹಗ್ಗ ಕೊರೆದು ಗೀರು ಬಿದ್ದ ಶೀನನ ಅಂಗೈ ಪರದೆಯ ತುಂಬ ಹರಡಿಕೊಂಡಿತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಮೆಲ್ಲನೆ ಪರದೆಯ ಆ ಅಂಗೈಯ ಮೇಲಿಟ್ಟರು.