ಏರಿಯ ಮೇಲೆ ಕೂತವನು

"ಸಾರ್, ಒಂದು ಗುಟುಕು ನೀರು ಕೊಡಿ ಸಾರ್," ಅಂತ ಜಲಾಶಯದ ಏರಿಯ ಮೇಲೆ, ಕಲ್ಲೊಂದರ ಮೇಲೆ ಕೂತಿದ್ದವನು ಕೈ ಚಾಚಿದ. ಮಂಜಿನಲ್ಲಿ ಮುಖ ಸರಿಯಾಗಿ ಕಾಣದಿದ್ದರೂ ಮಡಚಿಟ್ಟ ಆ ಉದ್ದನೆಯ ಕಾಲುಗಳನ್ನು ನೋಡಿದರೆ ಸಾಕು, ಎಲ್ಲರೂ ಕೊಕ್ಕರೆ ಅಂತ ಕರೆಯುವ ಹುಡುಗನೇ. ಕೋಚ್ ತನ್ನ ಕೈಯಾರೆ ಪಳಗಿಸಿದ ಶಿಷ್ಯ. ಆದರೆ ಕೋಚ್ ನಿಲ್ಲಲಿಲ್ಲ. ಕತ್ತು ಕೂಡ ತಿರುಗಿಸಲಿಲ್ಲ. "ನನ್ನ ಹತ್ರಾನೇ ಆಟವಾ?" ಅಂತ ಮನಸ್ಸಿನಲ್ಲೇ ನಕ್ಕು ಓಡಿದ.

ನಗದೆ ಇನ್ನೇನು ಮಾಡಿಯಾನು? ಹಿಂದಿನ ದಿನ ಬೆಳಿಗ್ಗೆ ಶುರುವಾದ ಓಟ, ಈಗ ಮರುದಿನದ ಬೆಳಗಾಗಿದೆ. ನಿದ್ದೆಗೆಟ್ಟ ತಲೆ ಏನು ಬೇಕಾದರೂ ತೋರಿಸುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ದಾರಿಯ ನಟ್ಟನಡುವೆ ಒಂದು ಸೋಫಾ ಇತ್ತು. ಅದರ ಮೇಲೆ ತೀರಿಹೋದ ಅತ್ತೆ ಕೂತು ಬಟ್ಟೆ ಮಡಚುತ್ತಿದ್ದರು. "ಅಳಿಯಂದಿರೇ, ಬನ್ನಿ, ಕೂತ್ಕೊಳ್ಳಿ," ಅಂತ ಕರೆದೂ ಇದ್ದರು. ಬದುಕಿದ್ದಾಗ ಒಂದು ದಿನವೂ ಅಷ್ಟು ಅಕ್ಕರೆಯಿಂದ ಕರೆದವರಲ್ಲ ಬಿಡಿ! ಅಲ್ಲೂ ಕೋಚ್ ನಿಂತಿರಲಿಲ್ಲ. ಶಿಷ್ಯರಿಗೆಲ್ಲ ಬಾಯಿಪಾಠ ಮಾಡಿಸಿದ್ದು ಅವನೇ: "ಎರಡನೇ ದಿನ ದಾರೀಲಿ ಏನೇ ಕಾಣ್ಲಿ, ಅದು ಇಲ್ಲ ಅಂತ್ಲೇ ತಿಳ್ಕೊಳ್ಳಿ. ನಿಲ್ಬೇಡಿ, ಮುಟ್ಬೇಡಿ. ಗುರುತಿನೋರ ಥರ ಕರೆದ್ರಂತೂ ಇನ್ನೂ ಜೋರಾಗಿ ಓಡಿ."

ಆ ಪಾಠವನ್ನು ಹೇಳಿದ್ದು ಸ್ಕೂಟರ್ ಮೇಲೆ ಕೂತು ಅನ್ನುವುದು ಬೇರೆ ಮಾತು. ವರ್ಷಗಟ್ಟಲೆ ಊರಿನವರನ್ನೆಲ್ಲ ಮೈಲಿಗಟ್ಟಲೆ ಓಡಿಸಿದ ಮನುಷ್ಯ, ತಾನು ಮಾತ್ರ ಸ್ಕೂಟರಿನಲ್ಲಿ ಹಿಂದಿಂದೆ ಬಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಹೋದ ವರ್ಷ ಇದೇ ಕೊಕ್ಕರೆ ಎಲ್ಲರೆದುರು, "ಸಾರ್, ನಿಮಗಿಂತ ನಿಮ್ಮ ಸ್ಕೂಟರೇ ಹೆಚ್ಚು ಓಡಿದೆ," ಅಂದುಬಿಟ್ಟ. ಎಲ್ಲರೂ ನಕ್ಕರು. ಕೋಚೂ ನಕ್ಕ. ಮನೆಗೆ ಹೋದವನೇ ಈ ಅಲ್ಟ್ರಾ ಮ್ಯಾರಥಾನಿಗೆ ಹೆಸರು ಕೊಟ್ಟ. ಹೊಟ್ಟೆ ಕರಗಿತು, ಕಾಲಿನ ಉಗುರು ಉದುರಿದವು, ಹೆಂಡತಿ ಬೈದು ಬೈದು ಸುಸ್ತಾದಳು, ಅವನು ಬಿಡಲಿಲ್ಲ.

ಏರಿ ಮುಗಿಯುವಲ್ಲಿ ಓಟಗಾರರಿಗೆ ನೀರು, ತಿಂಡಿ ಕೊಡುವ ಟೆಂಟು. ಹೆಂಡತಿ ಕಾರಿನ ಡಿಕ್ಕಿ ತೆರೆದು, ಬಾಳೆಹಣ್ಣು, ಉಪ್ಪು, ಒಣ ಸಾಕ್ಸು ಜೋಡಿಸಿಕೊಂಡು ನಿಂತಿದ್ದಳು.

"ಇದ್ದೀರಾ, ಹೋದ್ರಾ?" ಅಂದಳು ಅವನ ಮುಖ ನೋಡಿ.

"ಇದ್ದೀನಿ ಕಣೇ. ಆಗ್ಲೇ ನಿಮ್ಮಮ್ಮ ಸಿಕ್ಕಿದ್ರು. ಈಗ ಏರಿ ಮೇಲೆ ಕೊಕ್ಕರೆ. ನೀರು ಕೊಡಿ ಸಾರ್ ಅಂದ. ಕೊಡೋನಾ ನಾನು? ಬಂದ್ಬಿಟ್ಟೆ."

ಬಾಳೆಹಣ್ಣು ಸುಲಿಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

"ರೀ... ಕೊಕ್ಕರೆ ಇನ್ನೂ ಇಲ್ಲಿಗೆ ಬಂದಿಲ್ಲ. ನಿಮಗಿಂತ ಮುಂದಿದ್ದೋನು. ಏರಿಯ ಆ ತುದಿ ದಾಟಿದಾನಂತೆ, ಈ ತುದೀಲಿ ಕಾಣಿಸ್ಕೊಂಡಿಲ್ಲ. ಪಾಪ, ಅವರಕ್ಕ ಆಗ್ಲಿಂದ ಬಂದೋರನ್ನೆಲ್ಲ ಕೇಳ್ತಿದಾಳೆ."

"ಅದು ಬರೀ ಭ್ರಮೆ ಕಣೇ."

"ನಮ್ಮಮ್ಮ ಭ್ರಮೆ, ಒಪ್ಕೊಂಡೆ. ಅವನೂ ಭ್ರಮೆನಾ?"

ಕೋಚ್ ಅವಳ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ಬಂದ ದಾರಿಗೇ ತಿರುಗಿದ. ಏರಿಯ ಮೇಲೆ ಕಾರು ಹೋಗುವಂತಿಲ್ಲ, ಬರೀ ಕಾಲುದಾರಿ. ಹಿಂದಕ್ಕೆ ಓಡಿದರೆ ಗಡುವಿನೊಳಗೆ ಮುಗಿಸುವ ಮಾತೇ ಇಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಇಡೀ ವರ್ಷದ ಬೆವರನ್ನು ಆ ಟೆಂಟಿನ ಮುಂದೆಯೇ ಚೆಲ್ಲಿ ಓಡಿದ.

ಮಂಜು ಇನ್ನೂ ದಟ್ಟವಾಗಿತ್ತು. ಕೊಕ್ಕರೆ ಅದೇ ಕಲ್ಲಿನ ಮೇಲೆ ಕೂತಿದ್ದ. ತುಟಿ ಒಡೆದು, ಬೆವರು ಒಣಗಿ, ಮುಖದ ಮೇಲೆಲ್ಲ ಉಪ್ಪು ಬೆಳ್ಳಗೆ ಕಟ್ಟಿತ್ತು. ಕೋಚ್ ಅವನ ಭುಜ ಹಿಡಿಯಲು ಹೋದರೆ, ಬಿಸಿ ತಾಕಿದವನ ಹಾಗೆ ಸರಕ್ಕನೆ ಹಿಂದೆ ಸರಿದ.

"ತಗೊಳ್ಳೋ, ನೀರು ತಂದಿದೀನಿ. ನಾನು ಕಣೋ, ನಾನೇ!"

ಕೊಕ್ಕರೆ ಅವನ ಕಣ್ಣು ನೋಡಲಿಲ್ಲ. ಅವನಾಚೆಗಿನ ಮಂಜನ್ನು ನೋಡುತ್ತ, ಮೇಷ್ಟರ ಮುಂದೆ ಪಾಠ ಒಪ್ಪಿಸುವವನಂತೆ ಮೆಲ್ಲಗೆ ಹೇಳಿದ. "ನೀವಿಲ್ಲ. ಆಗ್ಲೂ ಬಂದ್ರಿ, ಈಗ್ಲೂ ಬಂದಿದೀರಿ. ಆದ್ರೆ ನೀವಿಲ್ಲ."

"ಅಯ್ಯೋ ಮಾರಾಯ, ಆಗ್ಲೂ ಬಂದಿದ್ದು ನಾನೇ ಕಣೋ!"

"ನಮ್ಮ ಸಾರ್ ಆಗಿದ್ರೆ ಆಗ್ಲೇ ನಿಲ್ತಿದ್ರು."

ಅಷ್ಟು ಹೇಳಿ ಎದ್ದವನೇ ಓಡಿದ. ಓಡಿದ್ದು ದಾರಿಯಲ್ಲಲ್ಲ. ಮೊಣಕೈ ಒಳಗೆ, ತಲೆ ನೆಟ್ಟಗೆ, ಕಲಿಸಿದ್ದರಲ್ಲಿ ಒಂದನ್ನೂ ಮರೆಯದೆ, ಜಲಾಶಯದ ಕಡೆಯ ಇಳಿಜಾರಿನಲ್ಲಿ ಇಳಿದ. ಮಂಜು ಅವನನ್ನು ನುಂಗಿಕೊಂಡಿತು. "ಕೊಕ್ಕರೇ, ಆ ಕಡೆ ನೀರಿದೆಯೋ!" ಅಂತ ಕೋಚ್ ಕೂಗಿದ. ಕೆಳಗೆ ಜಲ್ಲಿಕಲ್ಲು ಉರುಳುವ ಸದ್ದು ಜೋರಾಯಿತು. ಬೆನ್ನಟ್ಟಿ ನಾಲ್ಕು ಹೆಜ್ಜೆ ಇಳಿದ; ಕೆಳಗಿನ ಹೆಜ್ಜೆಗಳು ಇನ್ನೂ ಚುರುಕಾದವು. ಜೀವ ಬಾಯಿಗೆ ಬಂದವನಂತೆ ಕಿರುಚಿದ; ಸದ್ದು ಇನ್ನೂ ಕೆಳಕ್ಕೆ, ಇನ್ನೂ ಬಿರುಸಾಗಿ ಓಡಿತು.

ಆಗ ಕೋಚ್ ಇಳಿಜಾರಿನಲ್ಲಿ ನಿಂತಲ್ಲೇ ನಿಂತು, ಎರಡೂ ಕೈಗಳಿಂದ ತನ್ನ ಬಾಯಿಯನ್ನು ಒತ್ತಿ ಮುಚ್ಚಿಕೊಂಡ.

ಕೆಳಗೆ ಸದ್ದು ನಿಂತಿತು. ನಿಂತದ್ದು ಯಾಕೆ ಅಂತ ಕೂಗಿ ಕೇಳುವ ಹಾಗೂ ಇರಲಿಲ್ಲ.