ಮೇಷ್ಟ್ರ ಮುಖದ ವಾಸನೆ

ಗುರುಬಸಪ್ಪ ಮೇಷ್ಟ್ರು ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಮರುದಿನ ಅವರ ಹಳೇ ಕಾಲೇಜು ಗೆಳತಿಯರೆಲ್ಲ ಸೇರುವವರಿದ್ದರು. ಅದಕ್ಕೇ ಹೆಂಡತಿ ದಾಕ್ಷಾಯಿಣಿ ತರಕಾರಿಗೆ ಹೋದ ಹೊತ್ತು ನೋಡಿ, ಅವಳ ಕೊರಿಯಾದ ಸೀರಮ್ ಕದ್ದು ಕೆನ್ನೆಗೆ ಬಳಿದುಕೊಂಡರು. ಬ್ಯಾಕ್ಟೀರಿಯಾ ಬೆರೆಸಿ ಹುದುಗು ಬರಿಸಿದ ಅಕ್ಕಿಯ ರಸವಂತೆ, ಸುಕ್ಕೆಲ್ಲ ಮಾಯವಾಗುತ್ತದಂತೆ.

ದಾಕ್ಷಾಯಿಣಿ ಒಳಗೆ ಬಂದವಳೇ ಮೂಗರಳಿಸಿದಳು.

"ಏನ್ರೀ ಇದು, ನಿಮ್ಮ ಮುಖದ ಹತ್ರ ಹುಳಿ ವಾಸನೆ?"

"ಸೆಕೆ ಕಣೇ. ಬೆವರು."

"ಬೆವರು ಹೀಗೆ ನಾರಲ್ಲ. ಏನು ಮಾಡಿದ್ರಿ, ನಿಜ ಹೇಳಿ."

ಆ ಸೀರಮ್ ಬಾಟಲಿ ಮುಟ್ಟಿದ್ದಕ್ಕೆ ಹೆತ್ತ ಮಗಳನ್ನೇ ವಾರಗಟ್ಟಲೆ ಮಾತಾಡಿಸದೆ ಬಿಟ್ಟವಳು ಅವಳು.

"ಹೆಂಡ ಕುಡಿದೆ ಕಣೇ," ಎಂದರು ತಲೆ ತಗ್ಗಿಸಿ.

ದಾಕ್ಷಾಯಿಣಿ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದಳು.

"ಸದ್ಯ. ನನ್ನ ಸೀರಮ್ ಹಚ್ಕೊಂಡ್ರೇನೋ ಅಂತ ಹೆದರಿಬಿಟ್ಟಿದ್ದೆ."