ವಿಳಾಸದ ಕಾಲಂ

"ವಿಳಾಸ ಹೇಳಿ," ಎಂದಳು ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಪಟ್ಟಿ ಬರೆಯುವ ಗುಮಾಸ್ತೆ. ಮುದುಕಿ ತನ್ನ ಹಳ್ಳಿಯ ಹೆಸರು ಹೇಳುತ್ತಿದ್ದಂತೆ ಮಗಳು ತಡೆದಳು. "ನಮ್ಮನೆ ವಿಳಾಸ ಹಾಕ್ಕೊಳ್ಳಿ ಮೇಡಂ. ಪಟ್ಟಣದವರಿಗೆ ಮಾತ್ರ ಔಷಧಿ ಪುಕ್ಕಟೆಯಂತೆ."

ಗುಮಾಸ್ತೆಯ ಪೆನ್ನು ನಿಂತಿತು. ಕಲ್ಲು ಕ್ರಷರ್ ಇರುವ ಆ ಹಳ್ಳಿಯಿಂದ ಈ ವರ್ಷ ಬಂದವರಲ್ಲಿ ಇವಳು ಐದನೆಯವಳು. ಎಲ್ಲರೂ ಮಕ್ಕಳ ಮನೆಯ ವಿಳಾಸವನ್ನೇ ಬರೆಸಿದ್ದರು. ಕ್ರಷರ್ ಧೂಳಿನ ಮೇಲೆ ತನಗಿದ್ದ ಅನುಮಾನವನ್ನು ಹೋದ ವಾರ ಮೇಲಧಿಕಾರಿಗೆ ಹೇಳಿದ್ದಕ್ಕೆ ಆತ ಪಟ್ಟಿಯನ್ನೇ ಮುಂದೆ ಹಿಡಿದಿದ್ದ. "ಆ ಹಳ್ಳೀಲಿ ಒಬ್ಬರಿಗೂ ಇಲ್ವಲ್ಲಮ್ಮ. ಎಲ್ಲಾ ಪಟ್ಟಣದ ಹೊಗೆ."

ಔಷಧಿ ತಪ್ಪಿಸಲು ಗುಮಾಸ್ತೆಗೆ ಮನಸ್ಸಾಗಲಿಲ್ಲ. ಮಗಳ ಮನೆಯ ವಿಳಾಸವನ್ನೇ ಬರೆದಳು. "ಊರಲ್ಲಿ ಇನ್ಯಾರಿದಾರೆ ಅಜ್ಜಿ?"

"ಸೊಸೆ ಇದಾಳೆ," ಎಂದು ಮುದುಕಿ ಮೊದಲ ಸಲ ನಕ್ಕಳು. "ಕ್ರಷರ್‌ನಲ್ಲಿ ನನ್ನ ಜಾಗ ಅವಳಿಗೇ ಕೊಟ್ರು ಕಣಮ್ಮ. ನಮ್ಮ ಪುಣ್ಯ."